ಸೀಟು ಸಿಕ್ಕಿತು, ಪಾಠ ಮುಗಿದಿರಲಿಲ್ಲ

ಮಿನೆಸೋಟದ ಸಣ್ಣ ಊರೊಂದರಲ್ಲಿ ರಸ್ತೆಯ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದ ಆರ್ವಿಡ್ ಟಾಲೆಫ್ಸನ್‌ಗೆ ಆ ಡಿಸೆಂಬರ್‌ನಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಗಳು ಬ್ರಿಟಾಗೆ ಹನ್ನೆರಡನೇ ತರಗತಿ ಮುಗಿಯುವ ಮೊದಲೇ ಇಷ್ಟದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅಪ್ಪ ಮಗಳು ಇಬ್ಬರೇ ಇದ್ದ ಮನೆ. "ಓದಿ ಓದಿ ಸಣ್ಣಗಾಗಿದೆ ಮಗು, ಇನ್ನು ಸ್ವಲ್ಪ ಉಸಿರಾಡಲಿ" ಎಂದು ಶಾಲೆಯ ದಿನಗಳಲ್ಲೂ ಅವಳನ್ನು ಹೆಪ್ಪುಗಟ್ಟಿದ ಸರೋವರಕ್ಕೆ, ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯಲು ಕರೆದೊಯ್ಯತೊಡಗಿದ.

ಫೆಬ್ರವರಿಯ ಒಂದು ಶನಿವಾರ ಪಕ್ಕದ ಮನೆಯ ಮಾರೆನ್ ಮೀನು ಹಿಡಿಯುವಾಗ ಚಳಿಗೆ ಮರೆಯಾಗಿ ಮಂಜುಗಡ್ಡೆಯ ಮೇಲೆ ನಿಲ್ಲಿಸಿದ್ದ ಅವರ ಪುಟ್ಟ ಗುಡಿಸಲಿಗೇ ಬಂದಳು. ಅವಳು ಬ್ರಿಟಾಳ ಶಾಲೆಯಲ್ಲಿ ಮಕ್ಕಳಿಗೆ ಕಾಲೇಜು ಪ್ರವೇಶದ ಸಲಹೆ ಕೊಡುವವಳು.

"ಮೀನು ಬಿತ್ತಾ?"

"ಎಲ್ಲಿ? ನಿನ್ನ ಬೂಟಿನ ಸದ್ದಿಗೆ ಊರು ಬಿಟ್ಟು ಹೋದ್ವು" ಎಂದು ಆರ್ವಿಡ್ ನಕ್ಕ.

ಮಾರೆನ್ ನಗಲಿಲ್ಲ. "ಕೆಮಿಸ್ಟ್ರಿಲಿ ಇವಳ ಎ ಗ್ರೇಡು ಡಿಗೆ ಬಂದಿದೆ. ಗೊತ್ತಾ ನಿಂಗೆ?"

ಬ್ರಿಟಾ ಗಾಳದ ಕಡೆ ನೋಡುತ್ತ ಕೂತಳು.

"ಬಂದ್ರೆ ಬರ್ಲಿ ಬಿಡು" ಎಂದ ಆರ್ವಿಡ್. " ಸೀಟು ಸಿಕ್ಕಾಯ್ತಲ್ಲ! ಕೊಟ್ಟ ಮಾತು ವಾಪಸ್ ತಗೋತಾರಾ?"

"ತಗೋಬಹುದು, ಆರ್ವಿಡ್. ಇವಳು ಹೀಗೇ ಓದ್ತಾಳೆ ಅಂತ ನಂಬಿ ಕೊಟ್ಟ ಸೀಟು ಅದು. ಶಾಲೆ ಮುಗಿದ್ಮೇಲೆ ಕೊನೇ ಗ್ರೇಡುಗಳನ್ನೂ ತರಿಸಿ ನೋಡ್ತಾರೆ. ತೀರಾ ಬಿದ್ದಿದ್ರೆ ಕಾರಣ ಕೇಳ್ತಾರೆ. ಕೆಲವರಿಗೆ ವಿದ್ಯಾರ್ಥಿವೇತನ ಹೋಗುತ್ತೆ, ಕೆಲವರಿಗೆ ಸೀಟೇ ಹೋಗುತ್ತೆ. ಈ ಕಾಲೇಜಿಗೇ ಬರ್ತೀನಿ ಅಂತ ಒಪ್ಪಿ ಬೇರೆ ಕಾಲೇಜಿನ ಅರ್ಜಿಗಳನ್ನೆಲ್ಲ ಇವಳು ಹಿಂದಕ್ಕೆ ತಗೊಂಡಿದ್ದಾಳೆ. ಆಮೇಲೆ ಎಲ್ಲಿಗೆ ಹೋಗ್ತಾಳೆ?"

ಆರ್ವಿಡ್ ಗಾಳ ಕೆಳಗಿಟ್ಟ. "ತರಗತಿ ತಪ್ಪಿಸಿದ್ದು ನಾನು ಕಣೆ."

"ನಾನೂ ಬೇಡ ಅನ್ನಲಿಲ್ಲ ಅಪ್ಪ" ಎಂದಳು ಬ್ರಿಟಾ. ಆಮೇಲೆ ಮೆಲ್ಲಗೆ, "ಕೆಮಿಸ್ಟ್ರಿನೇ ಬಿಟ್ಟುಬಿಟ್ರೆ?"

"ಅರ್ಜೀಲಿ ಬರೆದ ವಿಷಯನ ಕಾಲೇಜನ್ನ ಕೇಳದೆ ಬಿಡೋಹಾಗಿಲ್ಲ" ಎಂದಳು ಮಾರೆನ್. " ಅವರು ಕೇಳೋ ಮೊದಲೇ ನೀನೇ ಬರಿ. ನೆಪ ಹೇಳ್ಬೇಡ. ನಡೆದದ್ದನ್ನ ನಡೆದ ಹಾಗೆ ಹೇಳಿ, ಹೇಗೆ ಸರಿ ಮಾಡ್ಕೋತೀಯ ಅಂತ್ಲೂ ಬರಿ."

ಬ್ರಿಟಾ ಅಂದೇ ಕಾಲೇಜಿಗೆ ಬರೆದಳು. ಕಾಲೇಜಿನವರು ಸಿಟ್ಟಾಗಲಿಲ್ಲ, ಭರವಸೆಯನ್ನೂ ಕೊಡಲಿಲ್ಲ. ಕೊನೆಯ ಗ್ರೇಡು ನೋಡಿ ತೀರ್ಮಾನಿಸುತ್ತೇವೆ ಎಂದರು. ಬ್ರಿಟಾ ದಿನಾ ತರಗತಿಗಳು ಮುಗಿದ ಮೇಲೂ ಕೆಮಿಸ್ಟ್ರಿ ಮೇಷ್ಟರ ಬಳಿ ಕೂತು ತಪ್ಪಿದ ಪಾಠ ಕಲಿತಳು. ಆರ್ವಿಡ್‌ಗೆ ಕೆಮಿಸ್ಟ್ರಿಯ ಗಂಧಗಾಳಿ ಇಲ್ಲ. ಆದರೂ ಟಿವಿ ಆರಿಸಿ, ಸೂಪು ಬಿಸಿ ಮಾಡಿ, ಅವಳ ಎದುರು ಕೂತು ಪ್ರಶ್ನೆ ಓದಿ ಹೇಳುತ್ತಿದ್ದ. ಅವನು ರಾಸಾಯನಿಕಗಳ ಹೆಸರುಗಳನ್ನು ತಪ್ಪಾಗಿ ಓದಿದಾಗ ಬ್ರಿಟಾ ಬಿದ್ದು ಬಿದ್ದು ನಗುತ್ತಿದ್ದಳು.

ಜೂನ್‌ನಲ್ಲಿ ಕೆಮಿಸ್ಟ್ರಿಗೆ ಬಿ ಗ್ರೇಡು ಬಂತು. ಸೀಟು ಉಳಿಯಿತು, ವಿದ್ಯಾರ್ಥಿವೇತನವೂ ಉಳಿಯಿತು.

ಹೊಗೆಯಲ್ಲಿ ಬೇಯಿಸಿದ ಮೀನು ಹಿಡಿದು ಆರ್ವಿಡ್ ಪಕ್ಕದ ಮನೆಯ ಬಾಗಿಲಲ್ಲಿ ನಿಂತ. ಮೀನನ್ನು ಅವಳ ಕೈಗಿಟ್ಟ. "ನೀನು ಅವತ್ತು ಬರದೇ ಹೋಗಿದ್ರೆ, ಮಾರೆನ್..."

"ಓದಿದ್ದು ಅವಳು. ಒಳಗೆ ಬಾ, ಕಾಫಿ ಕುಡಿ."

ನಿಮ್ಮ ಮನೆಯಲ್ಲೂ ಈ ವರ್ಷ ಮೊದಲೇ ಸೀಟು ಸಿಕ್ಕ ಮಗುವಿದೆಯೇ? ಸಂತೋಷಪಡಿ, ಸಿಹಿ ಹಂಚಿ. ಆದರೆ ನಾಳೆ ಬೆಳಿಗ್ಗೆ ಮಗುವನ್ನು ತಪ್ಪದೆ ತರಗತಿಗೆ ಕಳಿಸಿ. ಗ್ರೇಡು ಇಳಿದಿದ್ದರೆ ಮುಚ್ಚಿಡಬೇಡಿ, ಇವತ್ತೇ ಶಾಲೆಯ ಸಲಹೆಗಾರರನ್ನು ಕಾಣಿ. ನಿಮಗೆ ನೆರವಾಗಲೆಂದೇ ಅವರಿದ್ದಾರೆ.