ಗಿರಣಿ ಬಾಗಿಲಿನ ಗಡ್ಡೆ

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ದಾಕ್ಷಾಯಿಣಿ ನನಗೆ ನೀರು ಹಾಕಿದಳು. ಅದು ತಪ್ಪು. ಅವಳಿಗೆ ಗೊತ್ತಿರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕುಂಡಗಳಿದ್ದವು. ಯಾರೂ ನೋಡದೆ ತುಳಸಿ ಬಾಡಿತ್ತು, ದಾಸವಾಳ ಎಲೆ ಉದುರಿಸಿತ್ತು. ಕೊನೆಯ ಕುಂಡದಲ್ಲಿ ಎಲೆಯೂ ಇರಲಿಲ್ಲ, ಕಡ್ಡಿಯೂ ಇರಲಿಲ್ಲ. ಅದರಲ್ಲಿದ್ದದ್ದು ನಾನು. ಎಲ್ಲಕ್ಕಿಂತ ಹೆಚ್ಚು ಬಾಯಾರಿದ್ದು ಇದೇ ಎಂದುಕೊಂಡು ಒಂದು ತಂಬಿಗೆ ಜಾಸ್ತಿಯೇ ಸುರಿದಳು.

ನಾನು ಒಂದು ಗಡ್ಡೆ. ನಮ್ಮ ಕಡೆಯವರು ಅಡವಿ ಉಳ್ಳಾಗಡ್ಡಿ ಎನ್ನುತ್ತಾರೆ. ನೋಡಲು ಈರುಳ್ಳಿಯ ಹಾಗೇ ಇದ್ದೇನೆ, ತಿಂದರೆ ವಿಷ. ಗದಗಿನ ಆಚೆ ಕಲ್ಲುಗುಡ್ಡದ ಒಂದು ಬಿರುಕಿನಲ್ಲಿ ಹುಟ್ಟಿದೆ. ತಾಯಿಯ ಕಾಯಿ ಒಡೆದಾಗ ಕಾಗದದಷ್ಟು ತೆಳ್ಳಗಿನ ಕಪ್ಪು ಬೀಜವಾಗಿ ಗಾಳಿಯಲ್ಲಿ ಬಂದು ಅಲ್ಲಿ ಬಿದ್ದಿದ್ದೆ. ಮಳೆಗಾಲದಲ್ಲಿ ಎಲೆ ಬಿಟ್ಟು, ಆ ಎಲೆಗಳು ಉಣಿಸಿದ್ದನ್ನು ಪದರ ಪದರವಾಗಿ ಕೂಡಿಟ್ಟುಕೊಂಡು, ಚಳಿಗೆ ಎಲೆ ಒಣಗಿಸಿ ಮಲಗುತ್ತೇನೆ. ಮುತ್ತುಗ ಕೆಂಪಾಗುವ ದಿನಗಳಲ್ಲಿ, ನೆಲವೆಲ್ಲ ಕಾದಿರುವಾಗ, ಬರೀ ಒಂದು ಹೂದಂಟನ್ನು ಹೊರಗೆ ಕಳಿಸುತ್ತೇನೆ. ನನ್ನ ಎಲೆ ನನ್ನ ಹೂವನ್ನು ಎಂದೂ ನೋಡಿಲ್ಲ.

ಗುಡ್ಡದಿಂದ ನನ್ನನ್ನು ಅಗೆದು ತಂದವಳು ಫಕೀರವ್ವ. ಹಿಟ್ಟಿನ ಗಿರಣಿ ಹೊಸದಾಗಿ ಶುರುವಾದ ಅಮಾವಾಸ್ಯೆಯ ದಿನ ಕೆಂಪು ದಾರ ಸುತ್ತಿ ಬಾಗಿಲಿಗೆ ತೂಗುಹಾಕಿದಳು. ಮಣ್ಣಿಲ್ಲದೆ, ನೀರಿಲ್ಲದೆ ಬದುಕುವುದು ಬಾಗಿಲಲ್ಲಿದ್ದರೆ ಕೆಟ್ಟ ಕಣ್ಣು ಒಳಗೆ ಬರುವುದಿಲ್ಲ ಎಂಬುದು ಅವಳ ನಂಬಿಕೆ. ಜೋಳದ ಹಿಟ್ಟು ಮೈಗೆ ಮೆತ್ತಿ ಬೆಳ್ಳಗಾದೆ. ವಸಂತ ಬಂದಾಗ ಆ ದಾರದಲ್ಲಿಯೇ ಹೂದಂಟು ಕಳಿಸುತ್ತಿದ್ದೆ. ಚೀಲ ಹೊತ್ತು ಬರುವವರ ತಲೆಗೆ ತಾಗಿ ಅದು ಮುರಿಯುತ್ತಿತ್ತು. ಫಕೀರವ್ವ ಬೈಯುತ್ತಿದ್ದಳು. ಮರುವರ್ಷವೂ ಮುರಿಯುತ್ತಿತ್ತು.

ಕುಬೇರ ಮಾಸ್ತರರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು. ಜೋಳ ಬೀಸಲು ಬಂದ ಎಲ್ಲರೂ ತಕ್ಕಡಿ ನೋಡುತ್ತಿದ್ದರೆ ಅವರು ತಲೆ ಎತ್ತಿ ನನ್ನನ್ನು ನೋಡುತ್ತಿದ್ದರು. ನಮ್ಮ ಗುಡ್ಡಗಳಲ್ಲಿ ನನ್ನಂಥವು ಎರಡು ಬಗೆಯಂತೆ. ಒಂದು ಎಲ್ಲೆಲ್ಲೂ ಇರುವುದು, ಇನ್ನೊಂದು ಅಪರೂಪ. ಗಡ್ಡೆ ನೋಡಿ ಹೇಳಲಾಗದು, ಎಲೆ ನೋಡಿಯೂ ಆಗದು, ಹೂವಿನ ತೊಟ್ಟು ಉದ್ದವೋ ಗಿಡ್ಡವೋ ಎಂಬುದರ ಮೇಲೆ ಹೇಳಬೇಕು. ಆ ಆಸೆಯಿಂದ ನನ್ನನ್ನು ಕಡ ಕೇಳಿದರು. ಹೂ ಆದ ಕೂಡಲೇ ತಂದು ಕಟ್ಟುವುದಾಗಿ ಮಾತು ಕೊಟ್ಟರು.

"ಅದು ಬರೂ ತನಕಾ ಬಾಗಿಲಾ ಯಾರ್ ಕಾಯ್ಬೇಕ್ರಿ ಮಾಸ್ತರ? ನೀವ ನಿಂತ್ ಕಾಯ್ರಿ ಮತ್ತ," ಎಂದಳು ಫಕೀರವ್ವ.

"ಆತ್ರಿ ಅಕ್ಕಾರ, ನಾನ ಕಾಯ್ತೀನಿ," ಎಂದರು ಮಾಸ್ತರರು. ಸರದಿಯಲ್ಲಿದ್ದವರೆಲ್ಲ ನಕ್ಕರು.

ಮಾಸ್ತರರು ಮರಳು ಬೆರೆಸಿದ ಮಣ್ಣಿನಲ್ಲಿ ನನ್ನನ್ನು ಕುತ್ತಿಗೆಯವರೆಗೆ ಕೂರಿಸಿದರು. ಮಳೆಗಾಲದಲ್ಲಿ ಎಲೆ ಬಂದವು, ಚಳಿಗೆ ಒಣಗಿದವು. ಒಣಗಿದ ದಿನವೇ ನೀರು ನಿಲ್ಲಿಸಿದರು. ತಾವೇ ನೋಡಿಕೊಳ್ಳುವವರಿದ್ದರಲ್ಲ, ಹೆಂಡತಿ ದಾಕ್ಷಾಯಿಣಿಗೆ ಅದನ್ನು ಹೇಳುವ ಪ್ರಸಂಗ ಬಂದಿರಲಿಲ್ಲ. ಆಮೇಲೆ ಒಂದು ದಿನ ಬೈಕಿನಲ್ಲಿ ಹೋದವರು ಬರಲಿಲ್ಲ. ಮಣ್ಣಿನೊಳಗೆ ಇಟ್ಟು ಬಂದರು ಎಂದು ಜನ ಆಡಿಕೊಳ್ಳುವುದನ್ನು ಕೇಳಿದೆ. ಮಣ್ಣಿಗೆ ಹೋದದ್ದು ತಿರುಗಿ ಏಳುವುದಷ್ಟೇ ನನಗೆ ಗೊತ್ತಿದ್ದದ್ದು.

ದಾಕ್ಷಾಯಿಣಿ ದಿನವೂ ನೀರು ಹಾಕಿದಳು. ಯಾರೂ ಹೇಳದೆ ಅವಳು ಮಾಡುತ್ತಿದ್ದ ಕೆಲಸ ಅದೊಂದೇ. ನಾನು ಬುಡದಿಂದ ಕೊಳೆಯತೊಡಗಿದೆ.

ಫಕೀರವ್ವ ಮಾತಾಡಿಸಿಕೊಂಡು ಹೋಗಲು ಬಂದಳು. ರೊಟ್ಟಿಗೆಂದು ಜೋಳದ ಹಿಟ್ಟು ತಂದಿದ್ದಳು. ಹೋಗಲು ಏಳುವಾಗ ಗಡ್ಡೆಯ ಮಾತು ತೆಗೆದಳು. ಹೂ ಆಗಿತ್ತೇ, ಮಾಸ್ತರರು ನೋಡಿದ್ದರೇ ಎಂದು ಕೇಳಿದಳು. ದಾಕ್ಷಾಯಿಣಿಗೆ ಆ ಕಡದ ವಿಷಯವೇ ಹೊಸದು. ಎಲ್ಲ ಕೇಳಿಕೊಂಡಳು.

"ಇರ್ಲಿ ಬಿಡ ತಂಗಿ, ಇಲ್ಲೇ ಇರ್ಲಿ."

"ಇಲ್ರಿ ಅಕ್ಕಾರ. ಹೂ ಆದ ಮ್ಯಾಲ ಕೊಡ್ತೀನಿ ಅಂದಾರಲ್ಲ. ಹೂ ಆಗ್ಲಿ, ನಾ ತರ್ತೀನಿ."

ಅವರದೆಂದು ಉಳಿದಿದ್ದದ್ದು ಆ ಮಾತೊಂದೇ. ಅದು ಸುಳ್ಳಾಗಬಾರದಿತ್ತು.

ಫಕೀರವ್ವ ಅತ್ತ ಹೋದ ಮೇಲೆ ದಾಕ್ಷಾಯಿಣಿ ಮಣ್ಣು ಕೆದರಿದಳು. ನಾತ ಬಂತು. ನನ್ನ ಬುಡದ ಅರ್ಧ ಭಾಗ ಬೆರಳಿಗೆ ಮೆತ್ತಿಕೊಂಡಿತು. ನನ್ನನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು. ಅಳಲಿಲ್ಲ. ಆಮೇಲೆ ಚಾಕು ತಂದು, ಬಿಳಿ ಕಾಣುವವರೆಗೆ ಕೊಳೆತದ್ದನ್ನು ಕೊಯ್ದಳು. ಗಾಯಕ್ಕೆ ಸವರಲು ಬೂದಿ ಬೇಕಿತ್ತು. ಗ್ಯಾಸಿನ ಅಡುಗೆಮನೆಯಲ್ಲಿ ಬೂದಿ ಎಲ್ಲಿಯದು? ದೇವರ ಜಗುಲಿಯ ಮೇಲಿನ ವಿಭೂತಿ ಉಂಡೆಯನ್ನು ಪುಡಿ ಮಾಡಿ ಹಚ್ಚಿದಳು. ಗಿರಣಿಯಲ್ಲಿ ಬದುಕಿದ್ದು ಹೇಗೆಂದು ಯೋಚಿಸಿ, ಕಿಟಕಿಯ ಸರಳಿಗೆ ದಾರದಿಂದ ಕಟ್ಟಿ ತೂಗುಬಿಟ್ಟಳು. ಅಂದಿನಿಂದ ನೀರಿಲ್ಲ. ದಿನವೂ ಬಂದು ನೋಡುವುದು ಮಾತ್ರ.

ನನಗೂ ನಂಬಿಕೆ ಇರಲಿಲ್ಲ. ಆದರೆ ಮುತ್ತುಗ ಅರಳುವ ಹೊತ್ತಿಗೆ ಒಳಗೆ ಯಾವುದೋ ಪದರದಲ್ಲಿ ಉಳಿದಿದ್ದ ಮಳೆಗಾಲ ಎಚ್ಚರವಾಯಿತು. ತುದಿ ಹೊರಗೆ ಬಂತು. ದಾಕ್ಷಾಯಿಣಿ ಹತ್ತಿರ ಬಂದು ನೋಡಿದಳು. ಮಣ್ಣಿಲ್ಲ, ಬೇರಿಲ್ಲ, ಎಲೆಯಿಲ್ಲ. ದಂಟು ಬಾಗಿ, ಮತ್ತೆ ಬೆಳಕಿನ ಕಡೆ ತಿರುಗಿ, ತೋಳಿನಷ್ಟು ಉದ್ದ ಬೆಳೆಯಿತು. ಅವಳು ಅದನ್ನು ಮುಟ್ಟಲಿಲ್ಲ. ಕುರ್ಚಿ ತಂದು ಎದುರಿಗೆ ಹಾಕಿಕೊಂಡಳು.

ಬಿಸಿಲು ಇಳಿಯುವಾಗ ಮೊದಲ ಹೂ ಬಿರಿಯಿತು. ಆರು ಎಸಳು, ಮಾಸಿದ ಬಿಳುಪು, ನಡುವೆ ಹಸಿರು ಗೆರೆ. ತಲೆ ತಗ್ಗಿಸಿ ನಿಲ್ಲುವ ಹೂ. ಬೆಳಗಾಗುವಷ್ಟರಲ್ಲಿ ಮುದುಡುತ್ತದೆ, ಮರುಸಂಜೆ ಅದರ ಮೇಲಿನದು ಬಿರಿಯುತ್ತದೆ. ಮಾಸ್ತರರ ಅಳತೆಪಟ್ಟಿ ತಂದು ತೊಟ್ಟನ್ನು ಅಳೆದಳು. ಅವರ ದಪ್ಪ ಪುಸ್ತಕ ತೆರೆದು ತಾಳೆ ನೋಡಿದಳು. ತೊಟ್ಟು ಉದ್ದ. ಎಲ್ಲೆಲ್ಲೂ ಇರುವ ಬಗೆಯೇ.

ಪುಸ್ತಕ ಮುಚ್ಚಿ, ಯಾರೂ ಇಲ್ಲದ ಕೋಣೆಯಲ್ಲಿ ಹೇಳಿದಳು: "ಬಾಳ ಸಾಮಾನ್ಯ ಐತ್ರೀ ಇದು." ಸ್ವಲ್ಪ ನಕ್ಕಳು. ಮತ್ತೆ ನನ್ನ ಕಡೆ ತಿರುಗಿ ಕತ್ತಲಾಗುವವರೆಗೆ ನೋಡುತ್ತ ಕೂತಳು. ಸಾಮಾನ್ಯವಾದದ್ದನ್ನು ಯಾರೂ ಹಾಗೆ ನೋಡುವುದಿಲ್ಲ.

ಕೊನೆಯ ಹೂ ಮುದುಡಿದ ಮೇಲೆ ನನ್ನನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಗಿರಣಿಗೆ ನಡೆದಳು. ಫಕೀರವ್ವ ಮಷೀನು ನಿಲ್ಲಿಸಿದಳು. ಹೂ ಆಯಿತೇ ಎಂದು ಕೇಳಿದಳು.

"ಆತ್ರಿ. ನಾ ನೋಡ್ದೆ."

ದಾಕ್ಷಾಯಿಣಿ ಸ್ಟೂಲು ಹತ್ತಿ ತಾನೇ ಗಂಟು ಹಾಕಿದಳು. ಚೀಲ ಹೊತ್ತವರ ತಲೆ ತಾಗದಷ್ಟು ಮೇಲೆ.

ಫಕೀರವ್ವ ಕೈಯ ಹಿಟ್ಟು ಕೊಡವಿಕೊಂಡು ಬಾಗಿಲಿನ ಬಳಿ ಬಂದಳು. ನನ್ನನ್ನೂ ನೋಡಲಿಲ್ಲ, ದಾಕ್ಷಾಯಿಣಿಯನ್ನೂ ನೋಡಲಿಲ್ಲ. ಹೊಸ್ತಿಲಿನ ಪಕ್ಕದ ಖಾಲಿ ಜಾಗಕ್ಕೆ ಮೆಲ್ಲಗೆ ಹೇಳಿದಳು: "ಬಂತ್ರಿ ಮಾಸ್ತರ ನಿಮ್ಮ ಗಡ್ಡಿ. ಕಾದಿದ್ದು ಸಾಕು. ಇನ್ನ ಹೋಗ್ರಿ."

ನಾನೀಗ ಮುದಿಗಡ್ಡೆ. ಬುಡದಲ್ಲಿ ಕೊಯ್ದ ಕಲೆ ಇದೆ, ಮೈಮೇಲೆ ಹಿಟ್ಟಿದೆ. ನನ್ನೊಳಗೆ ಮಳೆ ಎಲ್ಲಿ ಉಳಿದಿರುತ್ತದೆಂದು ಇಷ್ಟು ವಸಂತ ಕಳೆದರೂ ನನಗೆ ತಿಳಿದಿಲ್ಲ. ಅಂದು ದಾಕ್ಷಾಯಿಣಿ ಸ್ಟೂಲಿನ ಮೇಲೆಯೇ ನಿಂತು, ನನ್ನ ದಾರ ಹಿಡಿದುಕೊಂಡೇ ಅತ್ತಳು. ಗಿರಣಿ ಅಷ್ಟು ಹೊತ್ತೂ ನಿಂತೇ ಇತ್ತು. ಸರದಿಯಲ್ಲಿದ್ದ ಒಬ್ಬರೂ ಅವಸರ ಮಾಡಲಿಲ್ಲ.