ಜಾಕೆಟ್ಟಿನ ಹೊಟ್ಟೆಯಲ್ಲಿ

ಸೂಜಿ ಸಲೀಸಾಗಿ ಒಳಗಿಳಿಯಿತು. ಸೊಸೆ ಹೊಲಿಗೆ ಮಷೀನಿನ ಚಕ್ರವನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದಳು. ಅದು ಹಾಗೆ ಇಳಿಯಬಾರದಿತ್ತು. ಮಾವನ ಲೈಫ್ ಜಾಕೆಟ್ಟಿಗೆ ಹೊಸ ಜಿಪ್ಪು ಕೂರಿಸುವಾಗ ಅಂಚು ತಪ್ಪಿದ್ದೇನೋ ನಿಜ. ಆದರೆ ಅಂಚಿನಾಚೆ ಗಟ್ಟಿ ಫೋಮ್ ಸಿಗಬೇಕು, ಸೂಜಿ ತಡವರಿಸಬೇಕು. ಇದು ದಿಂಬಿಗೆ ಚುಚ್ಚಿದ ಹಾಗಿತ್ತು.

“ಆಯ್ತೇನಮ್ಮಾ?” ಹೊಸ್ತಿಲ ಮೇಲೆ ಕೂತಿದ್ದ ಮಾವ ಕೇಳಿದರು. “ಗಾಳಿ ಏಳೋದ್ರೊಳಗೆ ನಾಲ್ಕು ಮೀನಾದ್ರೂ ಹಿಡೀಬೇಕು.”

“ಇನ್ನೂ ಇಲ್ಲ ಮಾವ. ಜಿಪ್ಪು ಹಟ ಮಾಡ್ತಿದೆ.”

“ಈ ಮನೇಲಿ ಹಟ ಮಾಡದೇ ಇರೋದು ಯಾವುದಿದೆ ಹೇಳು.”

ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ಮಾವನಿಗೆ ಮನೆ ಹಿಂದಿನ ಕೆರೆಯೇ ಹೆದ್ದಾರಿ. ದಿನಾ ಮಧ್ಯಾಹ್ನ ಪುಟ್ಟ ದೋಣಿಯಲ್ಲಿ ಒಬ್ಬರೇ ಹೋಗಿ ಗಾಳ ಹಾಕುತ್ತಾರೆ. ಈಜು ಮಾತ್ರ ಬಾರದು. ಈಗ ಗಾಳದ ದಾರಕ್ಕೆ ಕಟ್ಟುವ ಬೆಂಡುಗಳನ್ನು ಒಂದೊಂದಾಗಿ ಚೊಂಬಿನ ನೀರಿಗೆ ಬಿಟ್ಟು, ಬೆರಳಿನಿಂದ ಮುಳುಗಿಸಿ, ಥಟ್ಟನೆ ಪುಟಿದು ಬಂದದ್ದನ್ನು ಮಾತ್ರ ಡಬ್ಬಿಗೆ ಸೇರಿಸುತ್ತಿದ್ದರು. ಸೋಮಾರಿ ಬೆಂಡುಗಳು ಮುಲಾಜಿಲ್ಲದೆ ಅಂಗಳಕ್ಕೆ.

ಸೊಸೆಗೆ ಮುಚ್ಚಿದ್ದನ್ನು ಕಂಡರೆ ಕೈ ತುರಿಸುತ್ತದೆ. ಮದುವೆಯಾಗಿ ಬಂದ ಹೊಸತರಲ್ಲೇ ಗೋಡೆ ಗಡಿಯಾರದ ಹೊಟ್ಟೆ ಬಗೆದವಳು. ಅದು ಅಂದಿನಿಂದ ಮುಂದೆ ಮುಂದೆ ಓಡುತ್ತಿದೆ, ಮನೆಯವರೂ ಅದರ ಹಿಂದೆ ಹಿಂದೆ. ಅವಳು ಬ್ಲೇಡು ತೆಗೆದುಕೊಂಡು ಜಾಕೆಟ್ಟಿನ ಒಳಮೈಯ ಹೊಲಿಗೆ ಬಿಚ್ಚಿದಳು. ಎರಡು ಬೆರಳು ತೂರಿಸಿ ಎಳೆದಳು.

ಹತ್ತಿ. ಹಳೆಯ ದಿಂಬಿನ ಹತ್ತಿ, ಗಂಟುಗಂಟಾಗಿ, ಯಾರದೋ ನಿದ್ದೆಯ ವಾಸನೆ ಹೊತ್ತುಕೊಂಡು.

ಮೊದಲು ಬಂದದ್ದು ಭಯವಲ್ಲ, ಯಾರಿರಬಹುದು ಎಂಬ ಕುತೂಹಲ. ಬಿಚ್ಚಿದ ಹೊಲಿಗೆಯನ್ನು ಬೆಳಕಿಗೆ ಹಿಡಿದಳು. ಕೈಹೊಲಿಗೆ, ಸಾಲಾಗಿ ಎಡಕ್ಕೆ ವಾಲಿದೆ. ಮನೆಯಲ್ಲಿ ಎಡಚರು ಒಬ್ಬರೇ, ಅತ್ತೆ. ಅವರು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದರು.

ಜಾಕೆಟ್ಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಸೊಸೆ ಬಚ್ಚಲಿಗೆ ಹೋದಳು. ಡ್ರಮ್ಮಿನ ನೀರಿನ ಮೇಲೆ ಹಾಸಿದಳು. ತೇಲಿತು. ಬಾತುಕೋಳಿಯ ಹಾಗೆ ಠೀವಿಯಿಂದಲೇ ತೇಲಿತು. ಅರೆ, ಹತ್ತಿಯೂ ತೇಲುತ್ತದಲ್ಲ ಎಂದುಕೊಳ್ಳುವಷ್ಟರಲ್ಲಿ ಒಂದು ಗುಳ್ಳೆ ಎದ್ದಿತು. ಆಮೇಲೆ ಗುಳ್ಳೆಗಳ ಸಾಲು. ಭುಜ ಇಳಿಯಿತು, ಬೆನ್ನು ಇಳಿಯಿತು, ಕೊನೆಗೆ ಕೊರಳಪಟ್ಟಿಯೂ ಸದ್ದಿಲ್ಲದೆ ತಳ ಸೇರಿತು. ಕೈಹಾಕಿ ಎತ್ತಲು ಹೋದರೆ ಒದ್ದೆ ಕಂಬಳಿಯ ಭಾರ.

ಆಗ ಭಯ ಬಂತು. ಹೋದ ವಾರ ಆಚೆ ದಡದ ಬಡಗಿಯ ದೋಣಿ ಮಗುಚಿದಾಗ ಅವನನ್ನು ಜನ ಬರುವತನಕ ಎತ್ತಿ ಹಿಡಿದದ್ದು ಅವನ ಜಾಕೆಟ್ಟು. ಸುದ್ದಿ ಕೇಳಿ ಮಾವ ಎದೆ ತಟ್ಟಿಕೊಂಡಿದ್ದರು: “ನಂದೂ ಇದೆಯಲ್ಲ, ಬೆಣ್ಣೆ ಹಾಗೆ ಮೆತ್ತಗೆ.”

“ಏನೇ ಅದು, ಬಟ್ಟೆ ಒಗೀತಿದ್ದೀಯಾ?” ಅತ್ತೆ ಬಾಗಿಲಲ್ಲಿ ನಿಂತಿದ್ದರು.

“ಅತ್ತೆ, ಇದರೊಳಗೆ ಹತ್ತಿ ತುಂಬಿದ್ದು ನೀವೇ ಅಲ್ವಾ?”

“ಹೂಂ. ಕಂಕುಳು ಉಜ್ಜುತ್ತೆ, ಪಕ್ಕೆ ಒತ್ತುತ್ತೆ ಅಂತ ಪ್ರಾಣ ತಿಂತಿದ್ರು. ಬಿಸಾಕ್ತೀನಿ ಅಂದ್ರು. ಮೆತ್ತಗೆ ಮಾಡ್ಕೊಟ್ಟೆ. ಯಾಕೆ, ಹೊಲಿಗೆ ಬಿಟ್ಕೊಂಡಿತಾ?”

“ಹೊಲಿಗೆ ಗಟ್ಟಿಯಾಗಿದೆ. ಜಾಕೆಟ್ಟು ಮುಳುಗ್ತು.”

“ಬಟ್ಟೆ ಅಲ್ವೇನೇ, ಮುಳುಗದೆ ಇನ್ನೇನು ಮಾಡುತ್ತೆ?”

“ಅತ್ತೆ, ಇದನ್ನ ತೇಲಕ್ಕೆ ಅಂತಾನೇ ಹಾಕ್ಕೊಳ್ಳೋದು.”

ಅತ್ತೆ ಡ್ರಮ್ಮಿನೊಳಗೆ ಬಗ್ಗಿ ನೋಡಿದರು. ತಳದಲ್ಲಿ ಕಿತ್ತಳೆ ಬಣ್ಣ ಮಸುಕಾಗಿ ಅಲುಗುತ್ತಿತ್ತು.

“ನಾನು ದೂರಕ್ಕೆ ಕಾಣಲಿ ಅಂತ ಹಾಕೋದು ಅಂದ್ಕೊಂಡಿದ್ದೆ,” ಅಂದರು ಮೆಲ್ಲಗೆ. “ಇಲ್ದಿದ್ರೆ ಅಂಥ ಬಣ್ಣ ಯಾತಕ್ಕೆ? ಅಡುಗೆಮನೆ ಕಿಟಕೀಲಿ ನೋಡ್ತಿರ್ತೀನಿ. ಚುಕ್ಕೆ ಕಂಡ್ರೆ ಮತ್ತೆ ಒಲೆ ಕಡೆ ತಿರುಗ್ತೀನಿ.”

ಸೊಸೆ ಎರಡೂ ಕೈಹಾಕಿ ಜಾಕೆಟ್ಟನ್ನು ಮೇಲೆಳೆದು ನೆಲಕ್ಕೆ ಹಾಕಿದಳು. “ಒಳಗಿದ್ದ ಫೋಮ್ ಎಲ್ಲಿ ಹೋಯ್ತು?”

ಅತ್ತೆ ಹಜಾರದ ಮೂಲೆ ತೋರಿಸಿದರು. ಅಲ್ಲಿ ದೋಣಿಯ ಎರಡು ಹುಟ್ಟುಗಳ ಪಕ್ಕದಲ್ಲಿ, ಮಾವ ದೋಣಿಯ ಹಲಗೆಯ ಮೇಲೆ ಹಾಕಿಕೊಂಡು ಕೂರುವ ಮೆತ್ತೆ ಇತ್ತು. “ಹಲಗೆ ಚುಚ್ಚುತ್ತೆ ಅಂತಲೂ ಗೊಣಗ್ತಿದ್ರಲ್ಲ.”

ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆಗೂ ಒಂದು ಗಳಿಗೆ ಬಾಯಿ ಸೊಟ್ಟಗಾಯಿತು, ಮತ್ತೆ ನೆಟ್ಟಗಾಯಿತು.

ಮೆತ್ತೆಯೂ ಡ್ರಮ್ಮಿಗೆ ಬಿತ್ತು. ಕೂತು ಕೂತು ಚಪ್ಪಟೆಯಾದ ಫೋಮ್ ಒತ್ತಿದರೆ ಒಲ್ಲದ ಮನಸ್ಸಿನಿಂದ ಮೇಲೆ ಬರುತ್ತಿತ್ತು, ಮಾವ ಅಂಗಳಕ್ಕೆ ಎಸೆಯುವ ಬೆಂಡಿನ ಹಾಗೆ. ಇದನ್ನು ವಾಪಸು ತುಂಬಿಯೂ ಫಲವಿಲ್ಲ. ಸೊಸೆ ಗಂಡನ ಲೈಫ್ ಜಾಕೆಟ್ಟನ್ನು ಗೂಟದಿಂದ ತಂದಳು. ಅವನಿನ್ನೂ ಕೆಲಸದಿಂದ ಬಂದಿರಲಿಲ್ಲ. ಎರಡೂ ಕೈಯಿಂದ ಮುಳುಗಿಸಿ ಬಿಟ್ಟಳು. ಅದು ಛಂಗನೆ ಹಾರಿ ಅತ್ತೆಯ ಮುಖಕ್ಕೆಲ್ಲ ನೀರೆರಚಿತು.

ಅತ್ತೆ ಮುಖ ಒರೆಸಿಕೊಳ್ಳಲಿಲ್ಲ. “ಸರಿ ಆಚೆ,” ಅಂದು ತಾವೇ ಒತ್ತಿ ನೋಡಿದರು. ಬಿಟ್ಟರು. ಮತ್ತೆ ಒತ್ತಿದರು, ಈ ಸಲ ಮೊಣಕೈ ತನಕ. ಅದು ಪ್ರತಿಸಲವೂ ಬಂದೇ ಬಂತು.

“ನಾನೇನಾದ್ರೂ ನೆಪ ಹೇಳ್ತೀನಿ ಅತ್ತೆ. ಮಾವನಿಗೆ ಗೊತ್ತಾಗೋದು ಬೇಡ.”

“ಯಾಕೆ ಬೇಡ? ನನ್ನ ಬಾಯಿಗೇನು ಹೊಲಿಗೆ ಹಾಕಿಲ್ಲ.”

ಅತ್ತೆ ಹೊಸ್ತಿಲಿಗೆ ಹೋಗಿ, ನಿಂತ ನಿಲುವಿನಲ್ಲೇ ಎಲ್ಲ ಹೇಳಿದರು. ಮಾವ ಬೆರಳನ್ನು ಚೊಂಬಿನಲ್ಲೇ ಬಿಟ್ಟು ಕೇಳಿದರು.

“ಅಂದ್ರೆ ಇಷ್ಟು ವರ್ಷ ನಾನು ದಿಂಬು ಕಟ್ಕೊಂಡು ತಿರುಗ್ತಿದ್ದೆ?”

“ಹೂಂ.”

“ಅಸಲಿ ಮಾಲಿನ ಮೇಲೆ ಕೂತಿದ್ದೆ?”

“ಹೂಂ ಅಂದ್ನಲ್ಲ.”

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆ ತಂದುಕೊಟ್ಟ ಮಗನ ಜಾಕೆಟ್ಟಿನ ನೀರು ಕೊಡವಿ ತೊಟ್ಟರು. ಕತ್ತು ಹೊರಳಿಸಿದರು, ಕೈ ಎತ್ತಿದರು, ಗಾಳ ಬೀಸುವ ಹಾಗೆ ಗಾಳಿಯಲ್ಲಿ ಬೀಸಿದರು. ನಗು ಹೋಯಿತು. ಬಿಚ್ಚಿ ಹೊಸ್ತಿಲ ಮೇಲಿಟ್ಟರು.

“ಇದು ಜಾಕೆಟ್ಟಾ, ಪಂಜರಾನಾ? ಇವಳೇ, ಇಷ್ಟು ದಿನ ಬಿದ್ದಿದ್ದೀನಾ ನಾನು?”

“ಬಡಗೀನೂ ಹೋದ ವಾರದ ತನಕ ಬಿದ್ದಿರಲಿಲ್ಲ ಮಾವ,” ಅಂದಳು ಸೊಸೆ.

“ನೀನು ಸುಮ್ನಿರಮ್ಮ, ಗಡಿಯಾರ ಬಿಚ್ಚಿದೋಳು.” ಮಾವ ಡಬ್ಬಿ ಎತ್ತಿಕೊಂಡು ಹುಟ್ಟುಗಳಿಗೆಂದು ಮೂಲೆಗೆ ತಿರುಗಿದರು. ಹುಟ್ಟುಗಳು ಅಲ್ಲಿರಲಿಲ್ಲ. ಅತ್ತೆ ಅವೆರಡನ್ನೂ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮಷೀನಿನ ಸ್ಟೂಲಿನ ಮೇಲೆ ಕೂತಿದ್ದರು. ಮುಖದ ನೀರು ಇನ್ನೂ ಆರಿರಲಿಲ್ಲ.

ಮಾವ ಕಿಟಕಿಯಾಚೆ ಕೆರೆ ನೋಡಿದರು. ನೀರು ಆಗಲೇ ಸುಕ್ಕುಗಟ್ಟತೊಡಗಿತ್ತು.

“ಆಯ್ತು ಮಾರಾಯ್ತಿ, ಜಾಕೆಟ್ಟು ತಗೊಂಡೇ ಹೋಗ್ತೀನಿ. ಕಾಲ ಹತ್ರ ಇಟ್ಕೊಳ್ತೀನಿ, ಗಾಳಿ ಜೋರಾದ್ರೆ ಹಾಕ್ಕೊಳ್ತೀನಿ. ನಿನಗೂ ಸಮಾಧಾನ, ನನ್ನ ಪಕ್ಕೆಗೂ ಸಮಾಧಾನ. ಸಂಜೆ ಒಳ್ಳೇ ಮೀನು ತಂದು, ನಾನೇ ಸೀಳಿ ತೊಳೆದು ಕೊಡ್ತೀನಿ. ಏನಂತೀಯಾ?”

“ಬೇಡ,” ಅಂದರು ಅತ್ತೆ, ಹುಟ್ಟುಗಳನ್ನು ಬಿಡದೆ. “ಮೈಮೇಲೆ ಹಾಕ್ಕೊಂಡ್ರೆ ಹುಟ್ಟು, ಇಲ್ದಿದ್ರೆ ಇಲ್ಲ.”