ಕಿವಿ ಕೂಗದ ಔಷಧಿ

ಹಿರಿಯೂರು ಪೇಟೆಯಲ್ಲಿ ಮದರಾಸಿನ ಕಂಪನಿಯೊಂದರ ಚಳಿಜ್ವರದ ಔಷಧಿ ಮಾರುತ್ತಿದ್ದವನು ಏಕಾಂತಪ್ಪನೊಬ್ಬನೇ. ಮಾರಿಕಣಿವೆಗೆ ಅಣೆಕಟ್ಟೆ ಕಟ್ಟುತ್ತಿದ್ದ ಕಾಲ ಅದು. ಊರಿಗೆ ನೀರು ಬರುವ ಮೊದಲೇ ಜ್ವರ ಬಂದು ಬೀಡುಬಿಟ್ಟಿತ್ತು.

ಔಷಧಿ ಅಸಲಿಯೋ ನಕಲಿಯೋ ಎಂದು ತಿಳಿಯಲು ಹಿರಿಯೂರಿನವರಿಗೆ ಯಾವ ಡಾಕ್ಟರೂ ಬೇಕಿರಲಿಲ್ಲ. ಕುಡಿದವರ ಕಿವಿ ಗುಂಯ್ ಎನ್ನಬೇಕು, ಎದುರಿಗಿದ್ದವರ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಬೇಕು. ಅದು ಕ್ವಿನೈನಿನ ಗುಣ. ಜ್ವರದವರ ಮನೆಗೆ ಹೋದವರು ಹೇಗಿದ್ದೀರಿ ಎಂದು ಕೇಳುತ್ತಲೇ ಇರಲಿಲ್ಲ, ಕಿವಿ ಕೂಗಿತಾ ಎಂದೇ ಕೇಳುತ್ತಿದ್ದರು. ಹಿಂದಿನ ವರ್ಷ ಏಕಾಂತಪ್ಪನ ಹೆಂಡತಿ ಶಿವಗಂಗಮ್ಮ ಇನ್ನೇನು ಕೈಬಿಟ್ಟು ಹೋದಳು ಎನ್ನುವಾಗ ಈ ಔಷಧಿ ಕುಡಿದು ಅವಳ ಕಿವಿ ಮೂರು ದಿನ ಕೂಗಿತು, ಅವಳು ಎದ್ದು ಕೂತು ಗಂಜಿ ಕೇಳಿದಳು. ಅಂದಿನಿಂದ ಆ ಕಂಪನಿಯೆಂದರೆ ಅವನಿಗೆ ದೇವರ ಸಮಾನ.

ಈ ವರ್ಷದ ಪೆಟ್ಟಿಗೆಗಳು ಬಂದ ಮೇಲೆ ಮೊದಲು ಬಾಯಿಬಿಟ್ಟವಳು ಹಳೆಯ ಗಿರಾಕಿ ಮುದ್ದಕ್ಕ. ಕಹಿಯೇನೋ ಹಾಗೇ ಇದೆ, ಕಿವಿ ಮಾತ್ರ ಕೂಗಲಿಲ್ಲ ಎಂದಳು. ಏಕಾಂತಪ್ಪ ಕಂಪನಿಗೆ ಕಾಗದ ಬರೆದ. ಅಚ್ಚಾದ ಉತ್ತರ ಬಂತು: ಗಿರಾಕಿಗಳ ಹಿತಕ್ಕಾಗಿ ಕಿವಿಯ ಉಪದ್ರವವನ್ನು ತೆಗೆದುಹಾಕಲಾಗಿದೆ. ಕ್ವಿನೈನು ಎಷ್ಟಿದೆ ಎನ್ನುವುದರ ಸುದ್ದಿಯೇ ಅದರಲ್ಲಿರಲಿಲ್ಲ. ಇವನೂ ಅದನ್ನೇ ಕಂಠಪಾಠ ಮಾಡಿಕೊಂಡು ಪೇಟೆಗೆಲ್ಲ ಸಾರಿದ. ಆದರೆ ಹಳೆಯ ಪೆಟ್ಟಿಗೆಯಲ್ಲಿ ಉಳಿದಿದ್ದ ನಾಲ್ಕು ಸೀಸೆಗಳನ್ನು ಮಾರಲಿಲ್ಲ. ಮನೆಗೊಯ್ದು ದೇವರ ಗೂಡಿನ ಹಿಂದೆ ಇಟ್ಟ. ಯಾಕೆ ಇಟ್ಟೆ ಎಂದು ತನ್ನನ್ನು ತಾನು ಕೇಳಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಎದುರಂಗಡಿಯಲ್ಲಿ ತಗಡಿನ ಕೆಲಸ ಮಾಡುವ ನಜೀರ್ ಅಹಮದ್ ಅವನ ಇಪ್ಪತ್ತು ವರ್ಷದ ಗೆಳೆಯ. ಅವನ ಹೆಂಡತಿ ಸುಗ್ರಾಗೆ ಜ್ವರ ಬಂದಾಗ ರಸ್ತೆ ದಾಟಿ ಬಂದು ನಿಂತ.

“ಏಕಾಂತಣ್ಣ, ಸರ್ಕಾರಿ ಆಸ್ಪತ್ರೇಲಿ ಕ್ವಿನೈನು ಪುಡಿ ಕೊಡ್ತಾರಂತೆ. ಅಲ್ಲಿಗೇ ಹೋಗ್ಲೇನು?”

ಏಕಾಂತಪ್ಪನ ಕಣ್ಣ ಮುಂದೆ ದೇವರ ಗೂಡು ಬಂದು ಹೋಯಿತು. ನಾಲ್ಕೇ ಸೀಸೆ. ಶಿವಗಂಗಮ್ಮನಿಗೆ ಜ್ವರ ಮರುಕಳಿಸಿದರೆ?

“ಯಾಕ್ರಿ ಸಾಬ್ರೆ, ಇದ್ರಾಗೂ ಅದೇ ಐತೆ. ಕುಡಿಸ್ರಿ,” ಎಂದು ಹೊಸ ಪೆಟ್ಟಿಗೆಯಿಂದ ಎರಡು ಸೀಸೆ ತೆಗೆದುಕೊಟ್ಟ.

ಒಂಬತ್ತನೆಯ ದಿನ ಸುಗ್ರಾ ತೀರಿಕೊಂಡಳು. ಏಕಾಂತಪ್ಪ ಮಣ್ಣಿಗೆ ಹೋಗಿಬಂದ, ಮೈತೊಳೆದುಕೊಂಡ, ಉಂಡ. ಅಳು ಬರಲಿಲ್ಲ. ಕಂಪನಿಯನ್ನು ಬೈಯೋಣವೆಂದರೆ ಅದರ ಔಷಧಿಯಿಂದಲೇ ಬದುಕಿದವಳು ಎದುರಿಗೆ ಕೂತು ಬಡಿಸುತ್ತಿದ್ದಳು. ಹೊಗಳೋಣವೆಂದರೆ ಎದುರಂಗಡಿಯ ಬಾಗಿಲು ಮುಚ್ಚಿತ್ತು. ಒಳಗೆಲ್ಲ ಮರಗಟ್ಟಿದ ಹಾಗಿತ್ತು.

ನಾಲ್ಕು ದಿನ ಕಳೆದ ಮೇಲೆ ನಜೀರ್ ಅಂಗಡಿ ತೆರೆದ. ಕೆಲಸಕ್ಕೆ ಕೂರುವ ಮೊದಲು ಇತ್ತ ಬಂದು, ಬಿರಡೆ ತೆಗೆಯದ ಸೀಸೆಯೊಂದನ್ನು ಅಂಗಡಿಯ ಕಟ್ಟೆಯ ಮೇಲಿಟ್ಟ.

“ಇದೊಂದು ಉಳೀತು, ಅಣ್ಣ. ಅವಳ ಆಯಸ್ಸೇ ಅಷ್ಟಿತ್ತು, ನೀನೇನ್ ಮಾಡ್ತೀಯ. ಮನ್ಯಾಗೆ ಇಟ್ಕ. ಶಿವಗಂಗಕ್ಕಗೆ ಜ್ವರ ಬಂದ್ರೆ ಬೇಕಾಗ್ತೈತೆ.”

ಏಕಾಂತಪ್ಪ ಹೂಂ ಎಂದ. ನಜೀರ್ ಹೋದ ಮೇಲೆ ಬಿರಡೆ ಕಿತ್ತು, ಮಧ್ಯಾಹ್ನದೊಳಗೆ ಸೀಸೆ ಪೂರ್ತಿ ಕುಡಿದು ಮುಗಿಸಿದ. ಕಹಿಗೆ ಕಣ್ಣಲ್ಲಿ ನೀರು ಬಂತು. ಕಿವಿ ಕೂಗಲಿ ಎಂದು ಕಾಯುತ್ತ ಕೂತ. ಒಂದಿಷ್ಟು ಗುಂಯ್ ಎಂದಿದ್ದರೂ ಸಾಕಿತ್ತು, ತಾನು ಕೊಟ್ಟಿದ್ದು ಮದ್ದೇ ಎಂದುಕೊಳ್ಳಬಹುದಿತ್ತು.

ಹೊತ್ತು ಇಳಿಯಿತು. ಎದುರಂಗಡಿಯಲ್ಲಿ ನಜೀರ್ ತಗಡು ಬಡಿಯುತ್ತಿದ್ದ. ಏಕಾಂತಪ್ಪನಿಗೆ ಒಂದೊಂದು ಏಟೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.